ಐವತ್ತು ಹೆಜ್ಜೆ

“ಇವತ್ತು ಇನ್ನೂ ಆರು ಸಾವಿರ ಬಾಕಿ,” ಎನ್ನುತ್ತಾ ಶೀನು ವಾಚು ನೋಡಿಕೊಂಡು ಬೆಂಚಿಗೇ ಒಂದು ಪ್ರದಕ್ಷಿಣೆ ಹಾಕಿದ. ಕೂತು ಮಾತಾಡಿದರೆ ಹೆಜ್ಜೆ ನಷ್ಟ.

“ದಿನಕ್ಕೆ ಹತ್ತು ಸಾವಿರ ಅಂತ ಹೇಳಿದ್ದು ಯಾವ ಡಾಕ್ಟರೋ?” ಪುಟ್ಟಣ್ಣ ಕಡಲೆಕಾಯಿ ಸುಲಿಯುತ್ತಾ ಕೇಳಿದ.

“ಎಲ್ಲಾ ಡಾಕ್ಟರೂ.”

“ಅಲ್ಲ ಕಣೋ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಡಬ್ಬಿ ಮಾರಿತು. ಮಾನ್ಪೋಕೇ ಅಂತ ಹೆಸರು. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅವರು ಮಾರಿಕೊಂಡು ಮನೆಗೆ ಹೋದರು. ನೀನು ಇನ್ನೂ ನಡೀತಿದ್ದೀಯ.”

ಮೇಷ್ಟ್ರು ಕನ್ನಡಕ ಒರೆಸಿದರು. ಪಾಠ ಶುರುವಾಯಿತು. “ಗ್ರೀಕರಿಗೂ ಈ ಹುಚ್ಚಿತ್ತು. ಡ್ರೋಮೋಸ್ ಅಂದರೆ ಓಟ, ಓಡೋ ಜಾಗ. ಸ್ಪಾರ್ಟಾದ ಹುಡುಗರು ಓಡ್ತಿದ್ದ ಬಯಲಿನ ಹೆಸರೇ ಅದು. ಕುದುರೆ ಓಡಿದರೆ ಹಿಪ್ಪೋಡ್ರೋಮ್. ನಮ್ಮ ಜಕ್ಕೂರಿನದು ಏರೋಡ್ರೋಮ್. ಹೋದ ದಾರೀಲೇ ವಾಪಸ್ ಓಡಿದರೆ ಪ್ಯಾಲಿಂಡ್ರೋಮ್, ನಮ್ಮ ವಿಕಟಕವಿ ಥರ.”

“ಹಾಗಾದರೆ ಶೀನುನೇ ಪ್ಯಾಲಿಂಡ್ರೋಮು! ಗೇಟಿಂದ ಹೊರಟು ಗೇಟಿಗೇ ಬರ್ತಾನೆ. ಮೂರು ವರ್ಷದಿಂದ ತೂಕ 88. ಯಾವ ಕಡೆಯಿಂದ ಓದಿದರೂ 88.”

“ಲಕ್ಷಣಗಳು ಜೊತೆಜೊತೆಗೆ ಓಡಿಬಂದರೆ ಸಿಂಡ್ರೋಮ್,” ಮೇಷ್ಟ್ರು ಬಿಡಲಿಲ್ಲ.

“ಬೆಳಗ್ಗೆ ಆರಕ್ಕೆ ಇದೇ ಪಾರ್ಕಿಗೆ ಬನ್ನಿ, ತೋರಿಸ್ತೀನಿ,” ಎಂದ ಪುಟ್ಟಣ್ಣ.

“ಕ್ರೀಟ್ ದ್ವೀಪದಲ್ಲಿ ಓಟದ ಬಯಲಿಗೆ ಇಳಿಯೋ ವಯಸ್ಸಾಗದ ಹುಡುಗನನ್ನ ಅಪೋಡ್ರೊಮೋಸ್ ಅನ್ನೋರು.”

“ನೋಡಿ, ನಂಗೆ ಅರವತ್ತೆಂಟು. ಇನ್ನೂ ವಯಸ್ಸಾಗಿಲ್ಲ,” ಎಂದು ಪುಟ್ಟಣ್ಣ ಕಾಲು ಚಾಚಿದ.

ಶೀನುಗೆ ಸಿಟ್ಟು ಬಂತು. “ಮೇಷ್ಟ್ರೇ, ಸುಮ್ನೆ ನಡೆಯೋ ದಾರಿಗೂ ಆ ಮಾತು ಇತ್ತಾ, ಹೇಳಿ.”

“ಇದೆಯಪ್ಪ. ಗ್ರೀಸಿನ ಹಳೇ ಊರು ಮೈಸೀನೇಯ ಗೋರಿಗಳಿಗೆ ಹೋಗೋ ದಾರಿಗೂ ಡ್ರೋಮೋಸ್ ಅಂತಾರೆ. ಅಲ್ಲಿ ಅಟ್ರಿಯಸ್‌ನ ಖಜಾನೆ ಅಂತ ಒಂದು ಗೋರಿ. ಹೆಸರಷ್ಟೇ ಖಜಾನೆ. ಗುಡ್ಡ ಸೀಳಿ ಮಾಡಿದ ದಾರಿ, ಎರಡೂ ಕಡೆ ಕಲ್ಲಿನ ಗೋಡೆ. 36 ಮೀಟರ್ ಉದ್ದ, 6 ಮೀಟರ್ ಅಗಲ.”

“36 ಮೀಟರ್…” ಶೀನು ಬೆರಳು ಮಡಿಸಿದ. “ಹೆಚ್ಚೂಕಡಿಮೆ ಐವತ್ತು ಹೆಜ್ಜೆ. ಹೋಗಿಬಂದರೆ ನೂರು.”

“ಹೋಗೋದು ಮಾತ್ರ ಲೆಕ್ಕ ಹಾಕು. ಅದು ಪ್ಯಾಲಿಂಡ್ರೋಮ್ ಅಲ್ಲ.”

ನಗು ಬಂತು. ಆದರೆ ಜಾಸ್ತಿ ಹೊತ್ತು ನಿಲ್ಲಲಿಲ್ಲ.

“ಎಷ್ಟೋ ಗೋರಿಗಳಲ್ಲಿ ಹೂಳಿದ ಮೇಲೆ ಆ ದಾರಿಗೂ ಮಣ್ಣು ತುಂಬಿಬಿಡ್ತಿದ್ದರು,” ಮೇಷ್ಟ್ರ ದನಿ ತಗ್ಗಿತು. “ಮನೇಲಿ ಇನ್ನೊಬ್ಬರು ಹೋದಾಗ ಮತ್ತೆ ಅಗೀತಿದ್ದರು.”

ಬೆಂಚಿನ ಆ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಯುಗಾದಿಯಿಂದ ಹಾಗೇ ಇದೆ.

“ರಾಯರು ದಿನಾ ಎಂಟು ಸಾವಿರ ನಡೀತಿದ್ದರು ಅಲ್ವಾ?”

“ಹತ್ತು,” ಎಂದ ಪುಟ್ಟಣ್ಣ.

ಶೀನುನ ವಾಚು ಗುರ್ ಅಂತು. ಏಳಿ, ನಡೆಯಿರಿ. ಪುಟ್ಟಣ್ಣ ಕಡಲೆಕಾಯಿ ಪೊಟ್ಟಣ ಎತ್ತಿ ಮಡಿಲಲ್ಲಿಟ್ಟುಕೊಂಡು ಈಚೆ ಸರಿದ.

“ಕೂತ್ಕೋ ಬಾರೋ.”