ಕೊಳವೆಬಾವಿಗಳ ನೀರಿನ ವರದಿಯನ್ನು ಸಮಿತಿಗೆ ಹೇಗೆ ತಿಳಿಸಿ ಹೇಳಲಿ?

ಬಾವಿಕಟ್ಟೆ:
ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಎಷ್ಟಿದೆಯೆಂಬ ಪರೀಕ್ಷೆಯ ವರದಿ ಕೈಸೇರಿದೆ. ಯಾವ ಬಾವಿಯ ನೀರನ್ನು ಕುಡಿಯಲು ಉಳಿಸಿಕೊಳ್ಳಬೇಕೆಂದು ನೀರು ಸಮಿತಿ ಮುಂದಿನ ಸಭೆಯಲ್ಲಿ ತೀರ್ಮಾನಿಸಬೇಕು. ಹಾಳೆಯ ತುಂಬ ಮೈಕ್ರೋಗ್ರಾಂ, ಕೆಲವು ಕಡೆ ‘ಪತ್ತೆಯಾಗಿಲ್ಲ’. ಸದಸ್ಯರು ಕೇಳುವುದು ಒಂದೇ: ‘ಕುಡಿಯಬಹುದೋ, ಇಲ್ಲವೋ?’ ವಿಜ್ಞಾನ ಓದದವರಿಗೆ ಎಲ್ಲಿಂದ ಶುರು ಮಾಡಲಿ?

ಅಳತೆಗೋಲು:
ಮೈಕ್ರೋಗ್ರಾಂನಿಂದಂತೂ ಬೇಡ. ನಾನು ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು; ಆ ಹಾಳೆಗಳನ್ನು ನಾವು ಬರೆಯುವುದೇ ನಮ್ಮಂಥವರು ಓದಲಿ ಎಂದು. ಸದಸ್ಯರ ಪ್ರಶ್ನೆ ಸರಿಯಾಗಿಯೇ ಇದೆ, ಅಲ್ಲಿಂದಲೇ ಹೊರಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಬಾವಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು, 10 ಬಂದಲ್ಲಿ ಗೆರೆ ಎಳೆಯಿರಿ.

ಗೆರೆ ಎಳೆದು ಸುಮ್ಮನಾಗಬೇಡಿ. ಬಾಂಗ್ಲಾದೇಶದಲ್ಲಿ 50 ಮೀರಿದ ಕೊಳವೆಬಾವಿಗಳಿಗೆ ಕೆಂಪು, ಉಳಿದವಕ್ಕೆ ಹಸಿರು ಬಳಿದರು. ಓದು ಬಾರದವರಿಗೂ ಅರ್ಥವಾಗುವ ಉಪಾಯ. ಆದರೆ 60 ಇದ್ದರೂ ಕೆಂಪು, 400 ಇದ್ದರೂ ಕೆಂಪು. ಮೊದಲು ಯಾವುದನ್ನು ಬಿಡಬೇಕೆಂದು ಬಣ್ಣ ಹೇಳುವುದಿಲ್ಲ. ಹಸಿರು ಬಾವಿಯಲ್ಲಿ 45 ಇದ್ದರೆ ಅದು ಮಾರ್ಗಸೂಚಿಯ ನಾಲ್ಕೂವರೆ ಪಟ್ಟು! ಬಣ್ಣ ಬಳಿಯುವುದಾದರೆ ಪಕ್ಕದಲ್ಲಿ ಅಂಕಿಯನ್ನೂ ಬರೆಸಿ.

‘ಪತ್ತೆಯಾಗಿಲ್ಲ ಅಂದರೆ ಸೊನ್ನೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಷ್ಟರ ಕೆಳಗೆ ಆ ಪರೀಕ್ಷೆಗೆ ಕಾಣಿಸುವುದಿಲ್ಲ ಎಂದು ಪ್ರಯೋಗಾಲಯವನ್ನು ಕೇಳಿ. 2 ಎಂದರೆ ನಿಶ್ಚಿಂತೆ. 20 ಎಂದರೆ ಆ ಬಾವಿ ಗೆರೆಯ ಯಾವ ಕಡೆಗಿದೆಯೆಂದೇ ಗೊತ್ತಿಲ್ಲ ಎಂದಾಯಿತು, ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಮಳೆಹನಿ:
ಕುದಿಸಿ ಕುಡಿದರಾಯಿತು ಎನ್ನುವವರಿಗೆ ಏನು ಹೇಳುವುದು?

ಅಳತೆಗೋಲು:
ಅವರು ಬಾಯಿ ತೆರೆಯುವ ಮೊದಲೇ ನೀವು ಹೇಳಿಬಿಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲವಾದ್ದರಿಂದ ‘ಇಷ್ಟು ದಿನ ಕುಡಿದಿದ್ದೇವಲ್ಲ’ ಎಂಬ ವಾದವೂ ನಿಲ್ಲುವುದಿಲ್ಲ.

ನಿವೃತ್ತ ಶಿಕ್ಷಕ:
ವರದಿಯಲ್ಲಿ ಎಲ್ಲ ಬಾವಿಗಳ ಸರಾಸರಿ ಕೊಟ್ಟಿದ್ದರೆ ಆ ಸಾಲನ್ನು ಹೊಡೆದುಹಾಕಿ. ಅಕ್ಕಪಕ್ಕದ ಬಾವಿಗಳಲ್ಲೇ ಅಜಗಜಾಂತರ ಇರುತ್ತದೆ. ಸರಾಸರಿಯ ನೀರನ್ನು ಯಾರೂ ಕುಡಿಯುವುದಿಲ್ಲ.

ಬಾವಿಕಟ್ಟೆ:
ಎಲ್ಲರಿಗೂ ಧನ್ಯವಾದಗಳು. ಹೆಚ್ಚು ಅಂಕಿಯ ಬಾವಿಗಳನ್ನು ಮುಚ್ಚಿಯೇ ಬಿಡಬೇಕೇ?

ಅಳತೆಗೋಲು:
ಬೇಕಿಲ್ಲ. ಅಪಾಯ ಇರುವುದು ಕುಡಿಯುವುದರಲ್ಲಿ, ಅಡುಗೆಯಲ್ಲಿ. ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ. ಸ್ನಾನಕ್ಕೆ, ಬಟ್ಟೆ ಒಗೆಯಲು ಅದೇ ನೀರು ನಡೆಯುತ್ತದೆ. ಸಭೆಯಲ್ಲಿ ಇದನ್ನು ಮೊದಲೇ ಹೇಳಿ. ಬಾವಿ ಕೈತಪ್ಪುತ್ತದೆ ಎಂಬ ಭಯದಲ್ಲಿರುವವರ ಕಿವಿಗೆ ಯಾವ ಅಂಕಿಯೂ ಬೀಳುವುದಿಲ್ಲ.