ಕೋಮೋ ಸರೋವರದ ಹಳೇ ಕಾಲುದಾರಿ: ದಡದ ಮೇಲೇ ನಡೆಯಬಹುದಾ?

ಚಪ್ಪಲಿಸವೆದವಳು:
ಅಕ್ಟೋಬರ್ ಕೊನೆಯಲ್ಲಿ ಮಿಲಾನ್‌ನಲ್ಲಿ ಕೆಲಸ ಇದೆ, ಅದಾದ ಮೇಲೆ ನಾಲ್ಕು ದಿನ ಖಾಲಿ. ಕೋಮೋ ಸರೋವರದ ಪೂರ್ವ ದಡದಲ್ಲಿ ಸೆಂತಿಯೆರೊ ದೆಲ್ ವಿಯಾಂದಾಂತೆ ಅಂತ ಒಂದು ಹಳೇ ದಾರಿ ಇದೆಯಲ್ಲ, ಅಬ್ಬಾದಿಯಾ ಲಾರಿಯಾನಾದಿಂದ ಕೋಲಿಕೋ ಕಡೆಗೆ ಸುಮಾರು 45 ಕಿ.ಮೀ., ಅದನ್ನು ನಡೆಯುವ ಆಸೆ. ಜೊತೆಗೆ ಅಕ್ಕ ಬರುತ್ತಾಳೆ. ಅವಳಿಗೆ 58, ದಿನಾ ವಾಕಿಂಗ್ ಮಾಡುತ್ತಾಳೆ, ಬೆಟ್ಟ ಹತ್ತಿ ಅಭ್ಯಾಸ ಇಲ್ಲ. ಸರೋವರದ ದಡ ಅಂದಮೇಲೆ ದಾರಿ ಮಟ್ಟಸವಾಗಿಯೇ ಇರುತ್ತೆ ಅಲ್ವಾ? ಬ್ಯಾಗ್ ಹೊತ್ತುಕೊಂಡೇ ನಡೆಯಬೇಕಾ? ನಡೆದವರು ಹೇಳಿ.

ಮಂಡಿಮಾತು:
ಇಲ್ಲ. ಮಟ್ಟಸ ಅನ್ನೋದನ್ನು ಮೊದಲು ತಲೆಯಿಂದ ತೆಗೆಯಿರಿ, ನಾನೂ ಹಾಗೇ ಅಂದುಕೊಂಡು ಹೋಗಿ ಪಾಠ ಕಲಿತವನು. ನೀರು ಇರೋದು ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿ, ಅದರ ಬೆನ್ನಿಗೇ 2,400 ಮೀಟರ್ ದಾಟುವ ಗ್ರೀನ್ಯಾ ಬೆಟ್ಟ ನಿಂತಿದೆ. ಎಷ್ಟೋ ಕಡೆ ಬಂಡೆ ನೇರವಾಗಿ ನೀರಿಗೇ ಇಳಿಯುತ್ತೆ, ಕಾಲಿಡೋಕೆ ಜಾಗ ಇಲ್ಲ. ಅದಕ್ಕೇ ಹಳಬರು ಹೇಸರಗತ್ತೆ ಹೊಡೆದುಕೊಂಡು ಮೇಲಿನ ಊರಿಂದ ಊರಿಗೆ ಹೋಗುತ್ತಿದ್ದರು. ದಡದಲ್ಲಿ ಸಿಕ್ಕ ಇಷ್ಟು ಜಾಗವನ್ನು ಆಮೇಲೆ ಬಂದ ರಸ್ತೆ ಮತ್ತು ರೈಲು ನುಂಗಿವೆ. ಹಾಗಾಗಿ ದಿನಕ್ಕೆ ಹತ್ತೇ ಕಿ.ಮೀ. ಆದರೂ ಹತ್ತು, ಇಳಿ, ಮತ್ತೆ ಹತ್ತು.

ಲಿಯೆರ್ನಾದಲ್ಲಿ ಮಾತ್ರ ಹುಷಾರು. ಅಲ್ಲಿ ದಾರಿ ಎರಡಾಗುತ್ತೆ. ಮೇಲಿನದು ಓರ್ತಾನೆಲ್ಲಾಗೆ, ಅಂದರೆ ಹತ್ತಿರ ಹತ್ತಿರ 1,000 ಮೀಟರ್‌ಗೆ ಹತ್ತಿಸುತ್ತೆ. ನಾನು ಕವಲಿನಲ್ಲಿ ಮಾತಾಡುತ್ತಾ ಬೋರ್ಡ್ ನೋಡದೆ ಅದನ್ನೇ ಹಿಡಿದೆ. ಮೇಲೆ ಹೋದ ಮೇಲೆ ಸರೋವರ ಎರಡು ಕಾಲಾಗಿ ಕವಲೊಡೆಯೋದು ಕಾಣಿಸಿತು, ಅದಕ್ಕೆ ಬೇಜಾರಿಲ್ಲ. ಆದರೆ ವರೆನ್ನಾ ಕಡೆಗೆ ಇಳಿಯೋದರಲ್ಲಿ ಮಂಡಿ ಚಿಪ್ಪು ಕಳಚಿದ ಹಾಗಾಯಿತು, ಮಾರನೇ ದಿನ ಪೂರ್ತಿ ಬೆಂಚಿನ ಮೇಲೆ. ಅಕ್ಕನ ಜೊತೆ ಕೆಳಗಿನ ದಾರಿ ಹಿಡಿಯಿರಿ.

ರೈಲುಪ್ರೇಮಿ:
ಮೇಲಿನವರು ಸ್ವಲ್ಪ ಜಾಸ್ತಿ ಹೆದರಿಸಿದರು 🙂 ಈ ದಾರಿಯ ದೊಡ್ಡ ಅನುಕೂಲವೇ ರೈಲು. ಅಬ್ಬಾದಿಯಾ, ಮಂದೆಲ್ಲೊ, ಲಿಯೆರ್ನಾ, ವರೆನ್ನಾ, ಬೆಲ್ಲಾನೊ, ದೆರ್ವಿಯೊ, ಕೋಲಿಕೋ, ಎಲ್ಲಾ ಕಡೆ ಸ್ಟೇಷನ್ ಇದೆ. ಸುಸ್ತಾಯಿತಾ, ಊರಿಗೆ ಇಳಿಯಿರಿ, ರೈಲು ಹತ್ತಿ. ನಾವು ಮಾಡಿದ್ದು ಇಷ್ಟೇ: ವರೆನ್ನಾದಲ್ಲಿ ಒಂದೇ ರೂಮು, ಬ್ಯಾಗ್ ಅಲ್ಲೇ ಬಿಟ್ಟು ಬೆಳಿಗ್ಗೆ ರೈಲಿನಲ್ಲಿ ಹೋಗಿ ಅವತ್ತಿನ ತುಂಡು ನಡೆದು ಸಂಜೆ ರೈಲಿನಲ್ಲಿ ವಾಪಸ್. ನೀರಿನ ಬಾಟಲಿ, ಮಳೆ ಜಾಕೆಟ್ ಬಿಟ್ಟರೆ ಬೆನ್ನ ಮೇಲೆ ಏನೂ ಇರಲಿಲ್ಲ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ನಲ್ಲಿ ಮುದ್ರೆ ಒತ್ತಿಸೋದು ಮರೆಯಬೇಡಿ, ಇಲ್ಲದಿದ್ದರೆ ದಂಡ.

ಊರುಗಳಲ್ಲಿ ನಲ್ಲಿ ನೀರು ಸಿಗುತ್ತೆ. 'ನೋನ್ ಪೊತಾಬಿಲೆ' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಹಳೇಕಲ್ಲು:
ಒಂದು ತಕರಾರು. ಎಲ್ಲರೂ ಇದನ್ನು ಒಂದೇ ಪುರಾತನ ದಾರಿ ಅನ್ನೋ ಹಾಗೆ ಹೇಳುತ್ತಾರೆ. ಕಲ್ಲು ಹಾಸಿದ ತುಂಡುಗಳು ನಿಜಕ್ಕೂ ಹಳೆಯವು. ಆದರೆ ಅವನ್ನೆಲ್ಲ ಹೊಲಿದು, ಬೋರ್ಡ್ ನೆಟ್ಟು, 'ದಾರಿಹೋಕನ ಹಾದಿ' ಅಂತ ಈಗಿನ ರೂಪ ಕೊಟ್ಟಿದ್ದು 1990ರ ದಶಕದಲ್ಲಿ. ನಡೆಯೋ ಖುಷಿಗೆ ಇದರಿಂದ ಏನೂ ಕಮ್ಮಿ ಆಗಲ್ಲ ಬಿಡಿ.

ವರೆನ್ನಾ ಪಕ್ಕದ ಫಿಯುಮೆಲಾತ್ತೆ ನೋಡಿ, ಬರೀ 250 ಮೀಟರ್ ಉದ್ದದ ನದಿ! ಹಾಲಿನ ಹಾಗೆ ನೊರೆ ಕಕ್ಕುತ್ತಾ ಬಂಡೆಯಿಂದ ಹುಟ್ಟಿ ಸರೋವರಕ್ಕೆ ಬೀಳುತ್ತೆ, ಲಿಯೊನಾರ್ಡೊ ಡ ವಿಂಚಿ ಕೂಡ ಇದರ ಬಗ್ಗೆ ಬರೆದಿಟ್ಟಿದ್ದಾನೆ. ಚಳಿಗಾಲಕ್ಕೆ ಬತ್ತುತ್ತೆ. ನೀವು ಹೋಗೋದು ಅಂಚಿನ ಕಾಲ, ಸಿಕ್ಕರೆ ಅದೃಷ್ಟ. ದೆರ್ವಿಯೊ ದಾಟಿದ ಮೇಲೆ ಕೊರೆನ್ನೊ ಪ್ಲಿನಿಯೊ ಬರುತ್ತೆ, ಕಲ್ಲಿನ ಮೆಟ್ಟಿಲುಗಳೇ ಬೀದಿಗಳಾಗಿರೋ ಊರು. ಅಲ್ಲಿ ಸುಮ್ನೆ ಒಂದು ಗಂಟೆ ಕೂತುಬಿಡಿ.

ಮಂಡಿಮಾತು:
ಹೇಳೋದು ಮರೆತೆ. ಅಕ್ಟೋಬರ್ ಕೊನೆ ಅಂದರೆ ಚೆಸ್ಟ್‌ನಟ್ ಎಲೆ ಉದುರಿ ಕಲ್ಲು ಮುಚ್ಚಿರುತ್ತೆ. ಮಳೆ ಬಂತೋ, ಸೋಪು ಹಚ್ಚಿದ ಹಾಗೆ. ಊರುಗೋಲು ಎರಡೆರಡು ಇರಲಿ. ಇನ್ನೊಂದು, ತಿಂಗಳ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಆಮೇಲೆ ಐದು ಗಂಟೆ ದಾಟುತ್ತಿದ್ದ ಹಾಗೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಬೇಗ ಹೊರಡೋಣ ಅಂದರೆ ಬೆಟ್ಟ ಪೂರ್ವಕ್ಕೇ ಇರೋದರಿಂದ ಬಿಸಿಲು ಬರೋದು ತಡ, ಕೈ ಮರಗಟ್ಟುತ್ತೆ.

ಚಪ್ಪಲಿಸವೆದವಳು:
ಅಬ್ಬಾ, ಕೇಳಿದ್ದು ಒಳ್ಳೇದಾಯಿತು. ವರೆನ್ನಾದಲ್ಲೇ ರೂಮು ಹಿಡಿಯುತ್ತೇವೆ, ಲಿಯೆರ್ನಾದಲ್ಲಿ ಕೆಳಗಿನ ದಾರಿ. ಪೂರ್ತಿ 45 ಆಗದಿದ್ದರೂ ಪರವಾಗಿಲ್ಲ. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ, ಓರ್ತಾನೆಲ್ಲಾಗೆ ಅವಳೇ ಹತ್ತುತ್ತಾಳಂತೆ, ನಾನು ಬೇಕಾದರೆ ಕೆಳಗೆ ಕಾಯಬೇಕಂತೆ!

ರೈಲುಪ್ರೇಮಿ:
ಹಾಗಾದರೆ ಮೊದಲನೇ ದಿನ ಬೇಡ. ವರೆನ್ನಾದಿಂದ ಬೆಲ್ಲಾನೊಗೆ ಒಂದು ಸಲ ನಡೆಸಿ ನೋಡಿ, ಇಳಿದ ಮೇಲೂ ಇದೇ ಮಾತಾಡಿದರೆ ಕರೆದುಕೊಂಡು ಹೋಗಿ.