ಸ್ಟಾರ್ಟರ್ ಮುಟ್ಟಬೇಡಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ತೋಟದ ಬದುವಿನ, ಗ್ಯಾಸ್ ಪೈಪ್‌ಲೈನ್ ಗುರುತಿನ ಹಳದಿ ಕಂಬದ ಹತ್ರ ಮಳೆನೀರಲ್ಲಿ ಗುಳ್ಳೆ ಏಳ್ತಿದೆ, ವಾಸನೆ ಇಲ್ಲ, ಹೆದರಬೇಕಾ ದೊಡ್ಡಪ್ಪ ಅಂತ ಕೇಳಿದ್ದೀಯ. ಹೆದರಲೇಬೇಕು. ಅಡುಗೆ ಗ್ಯಾಸಿನ ಆ ಕೆಟ್ಟ ವಾಸನೆ ಬೇಕಂತ ಬೆರೆಸಿದ್ದು. ಮಹಾರಾಷ್ಟ್ರದ ದಾಬೋಲಿಂದ ಬೆಂಗಳೂರಿಗೆ ಹೋಗೋ ಇಂಥ ದೊಡ್ಡ ಲೈನಲ್ಲಿ ಎಷ್ಟೋ ಸಲ ಅದನ್ನ ಬೆರೆಸಿರೋದೇ ಇಲ್ಲ.

ಹುಣಸೆಮರದ ಕೆಳಗಿನ ನಮ್ಮ ಹಳೇ ಪಂಪ್‌ಮನೆ ನಿಮಗೆಲ್ಲ ಗೊತ್ತಲ್ಲ. ಹಿಂದೊಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ತ್ರೀ ಫೇಸ್ ಬಂತು, ಅಡಿಕೆಗೆ ನೀರು ಬಿಡೋಣ ಅಂತ ಹೋದೆ. ಕಾಲುವೆ ನೀರಲ್ಲಿ ಇದೇ ಥರ ಗುಳ್ಳೆ. ಇರುವೆ ಗೂಡಿಗೆ ನೀರು ಇಳಿದಿರಬೇಕು ಅಂದ್ಕೊಂಡೆ. ಬಾಗಿಲು ತೆಗೆದು ಮೋಟರ್ ಸ್ಟಾರ್ಟರಿನ ಹಸಿರು ಗುಂಡಿ ಮೇಲೆ ಬೆರಳಿಟ್ಟಿದ್ದೆ, ಹಿಂದಿನಿಂದ ನಿಮ್ಮ ದೊಡ್ಡಮ್ಮ ಟವೆಲ್ ಹಿಡಿದು ಎಳೆದಳು. "ನೆಲದೊಳಗೆ ಕುಕ್ಕರ್ ಥರ ಬುಸ್ ಅಂತಿದೆ, ಬನ್ರೀ ಆಚೆ" ಅಂದಳು. ಆಮೇಲೆ ಬಂದ ಗ್ಯಾಸಿನವರು ಗ್ಯಾಸ್ ಪತ್ತೆ ಮಾಡೋ ಮೀಟರನ್ನ ಒಳಗೆ ಚಾಚಿದರೆ ಅದು ಕಿರುಚಿಕೊಂಡಿದ್ದೇ ಕಿರುಚಿಕೊಂಡಿದ್ದು. ಹಗುರ ಗ್ಯಾಸು, ಮೇಲೇರಿ ಶೀಟಿನ ಅಡಿ ತುಂಬಿಕೊಂಡಿತ್ತು. ಗುಂಡಿ ಒತ್ತಿದ್ದರೆ ಸ್ಟಾರ್ಟರಿನ ಒಂದು ಕಿಡಿ ಸಾಕಿತ್ತು. 2014ರಲ್ಲಿ ಆಂಧ್ರದ ನಗರಂ ಊರಲ್ಲಿ ಬೆಳಗಿನ ಹೊತ್ತೇ ಅಲ್ವಾ ಲೈನ್ ಸ್ಫೋಟ ಆಗಿ ಮಲಗಿದ್ದ ಎಷ್ಟೋ ಜನ ಬೆಂದುಹೋಗಿದ್ದು.

ಅದಕ್ಕೇ ಹೇಳೋದು, ಸ್ಟಾರ್ಟರ್ ಮುಟ್ಟಬೇಡಿ. ನಿನ್ನ ಗಂಡನಿಗೂ ಹೇಳು, ಏನೇ ಆಗಲಿ ಸ್ಟಾರ್ಟರ್ ಮುಟ್ಟಬೇಡಿ.

ಆ ಲೈನು ನಮ್ಮ ತೋಟಕ್ಕೆ ಬಂದಿದ್ದೇ ನನಗಿನ್ನೂ ಸಂಕಟ. ಚಿಕ್ಕಪ್ಪ ನನಗೊಂದು ಮಾತು ಕೇಳದೆ ಸಹಿ ಹಾಕಿಬಿಟ್ಟ. ಪೈಪ್‌ಲೈನಿಗೆ ಜಮೀನು ಬಳಸಿಕೊಳ್ಳೋ 1962ರ ಕಾಯ್ದೆ ಅಂತೆ, ಪರಿಹಾರ ಜಮೀನಿನ ಬೆಲೆಯಲ್ಲಿ ನೂರಕ್ಕೆ 10 ರೂಪಾಯಿ. ಪಹಣಿ ನಮ್ಮ ಹೆಸರಲ್ಲೇ ಇದೆ, ಆದ್ರೆ ಲೈನ್ ಹೋಗೋ ಆ ಪಟ್ಟಿ ಜಾಗದಲ್ಲಿ ಒಂದು ಮರ ನೆಡೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮನೆ ಕಟ್ಟೋ ಹಾಗಿಲ್ಲ. ಅಪ್ಪ ನೆಟ್ಟ ಹನ್ನೊಂದು ತೆಂಗು ಕಡಿದರು, ಆ ಮರದ ದುಡ್ಡಿಗೆ ಎರಡು ವರ್ಷ ಅಲೆದೆ. ಕೊನೇ ಮರ ಬೀಳುವಾಗ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಅದನ್ನ ಚಿಕ್ಕಪ್ಪ ಮರೆತಿರಬಹುದು, ನಾನು ಮರೆತಿಲ್ಲ.

ಅಯ್ಯೋ, ಮುಖ್ಯವಾದ್ದೇ ಹೇಳಲಿಲ್ಲ ನೋಡು. ನಿಮ್ಮದು ಆಟೋ ಸ್ಟಾರ್ಟರ್ ಅಲ್ವಾ? ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುತ್ತೆ! ಅದನ್ನ ಆಫ್ ಮಾಡೋಕೂ ಯಾರೂ ಹೋಗಬೇಡಿ. ಲೈನ್‌ಮನ್‌ಗೆ ಫೋನ್ ಮಾಡಿ, ದೂರದಿಂದಲೇ ಆ ಕಡೆ ಸಪ್ಲೈ ತೆಗೆಸಿ. ಆ ಹಳದಿ ಕಂಬದ ಮೇಲೇ ಗ್ಯಾಸಿನವರ ತುರ್ತು ನಂಬರ್ ಇರುತ್ತೆ, ಪಕ್ಕದಲ್ಲಿ ಕಿಲೋಮೀಟರ್ ಗುರುತೂ ಇರುತ್ತೆ, ಎರಡನ್ನೂ ಹೇಳಬೇಕು. ಈಗ ಆ ಕಂಬಕ್ಕೆ ಹೋಗಬೇಡ, ಊರಾಚೆ ರಸ್ತೆ ಪಕ್ಕದ ಕಂಬ ನೋಡಿಕೊ, ನಂಬರ್ ಅದೇ. ಸಿಗದಿದ್ರೆ 112. ಗಾಳಿ ಬರೋ ಕಡೆಗೆ ದೂರ ಹೋಗಿ ನಿಂತು ಮಾತಾಡು. ಬೈಕ್ ಅಲ್ಲಿದ್ರೆ ಅಲ್ಲೇ ಇರಲಿ, ಕಿಕ್ ಹೊಡೀಬೇಡಿ. ಪಕ್ಕದ ತೋಟದವರಿಗೆ ಬೀಡಿ ಹಚ್ಚಬೇಡಿ ಅಂತ ಕೂಗಿ ಹೇಳಿ.

ಫೋನ್ ಮಾಡಿದ ಮೇಲೆ ಇಲ್ಲೇ ಗ್ರೂಪಲ್ಲಿ ಒಂದು ಮಾತು ಹಾಕು ಪುಟ್ಟಿ. ದೊಡ್ಡಮ್ಮ ಪಕ್ಕದಲ್ಲೇ ಕೂತು ಕಾಯ್ತಿದ್ದಾಳೆ.